ಸೋಲಾರ್ ಬಿಸಿನೀರಿನ ಸಾಲಿಗೆ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಹಾಕಿಸಬಹುದೇ?

ಪ್ರಶ್ನೆ: ಕ್ಯಾತ್ಸಂದ್ರ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮದು ನೆಲಮಹಡಿ ಹಾಗೂ ಒಂದು ಅಂತಸ್ತಿನ ಮನೆ. ಮೇಲೆ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಇದೆ. ಎಪ್ಪತ್ತು ದಾಟಿದ ನನ್ನ ತಾಯಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವುದರಿಂದ ಪಾದಗಳಲ್ಲಿ ಸ್ಪರ್ಶಜ್ಞಾನ ತೀರಾ ಕಡಿಮೆಯಾಗಿದೆ. ಕಳೆದ ಮಾರ್ಚಿನಲ್ಲಿ ಒಂದು ಸಂಜೆ ಅವರು ಬಚ್ಚಲುಮನೆಯಲ್ಲಿ ಕಾಲು ತೊಳೆಯಲೆಂದು ಬಿಸಿನೀರಿನ ನಲ್ಲಿ ತಿರುಗಿಸಿ, ನೀರು ಎಷ್ಟು ಕಾದಿದೆಯೆಂಬುದು ತಿಳಿಯದೆ ಅದರ ಕೆಳಗೇ ನಿಂತಿದ್ದರು. ಅವರಿಗೆ ನೋವೇ ಆಗಲಿಲ್ಲ. ರಾತ್ರಿ ಪಾದ ಒರೆಸುವಾಗ ಬೊಬ್ಬೆಗಳನ್ನು ಕಂಡವಳು ನಾನು. ಆ ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ನಲ್ಲಿ ತಿರುಗಿಸುವುದನ್ನು ಈಗಷ್ಟೇ ಕಲಿತ ಎರಡು ವರ್ಷದ ಮಗನೂ ಮನೆಯಲ್ಲಿದ್ದಾನೆ.

ನೀರನ್ನು ಒಂದೇ ಹದದಲ್ಲಿ ಬೆರೆಸಿ ಕೊಡುವ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಬಗ್ಗೆ ಕೇಳಿದ್ದೇನೆ. ನಮ್ಮಲ್ಲಿ ಪ್ರೆಷರ್ ಪಂಪ್ ಇಲ್ಲ, ಓವರ್‌ಹೆಡ್ ಟ್ಯಾಂಕಿನಿಂದ ತಾನಾಗಿ ಇಳಿಯುವ ನೀರು, ಅದೂ ಕೊಳವೆಬಾವಿಯದು. ಇಂತಹ ಮನೆಯಲ್ಲಿ ಅದು ಕೆಲಸ ಮಾಡುತ್ತದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಪ್ಲಂಬಿಂಗ್ ಕೆಲಸದವರು, ಚಿಂತಾಮಣಿ

ಅಮ್ಮನವರ ವಿಷಯ ಓದಿ ಮನಸ್ಸಿಗೆ ನೋವಾಯಿತು. ಕೆಲಸ ಮಾಡುತ್ತದೆ ಮೇಡಂ, ಆದರೆ ನಮ್ಮ ಕಡೆಯ ಮನೆಗಳಲ್ಲಿ ಕೆಲವು ವಿಷಯಗಳನ್ನು ಮೊದಲೇ ನೋಡಿಕೊಳ್ಳಬೇಕು.

ಗೀಸರ್‌ನಲ್ಲಾದರೆ ಒಳಗಿನ ಥರ್ಮೋಸ್ಟಾಟ್ ನೀರು ಎಷ್ಟು ಕಾಯಬೇಕೆಂಬುದನ್ನು ತೀರ್ಮಾನಿಸುತ್ತದೆ. ಸೋಲಾರ್‌ನಲ್ಲಿ ಅದನ್ನು ತೀರ್ಮಾನಿಸುವುದು ಬಿಸಿಲು. ಬೇಸಿಗೆಯಲ್ಲಿ ಎರಡು ದಿನ ಮನೆಯವರು ಊರಿಗೆ ಹೋಗಿ ನೀರು ಬಳಸದಿದ್ದರೆ ಟ್ಯಾಂಕಿನ ನೀರು 70 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಆದ್ದರಿಂದ ಸೋಲಾರ್ ಇರುವ ಮನೆಗೆ ಈ ವಾಲ್ವ್ ಗೀಸರ್ ಮನೆಗಿಂತಲೂ ಹೆಚ್ಚು ಅಗತ್ಯವೆಂಬುದು ನನ್ನ ಅಭಿಪ್ರಾಯ.

ವಾಲ್ವಿನೊಳಗೆ ಮೇಣ ತುಂಬಿದ ಒಂದು ಸಣ್ಣ ಕೊಳವೆಯಂತಹ ಭಾಗವಿರುತ್ತದೆ. ಬೆರೆತ ನೀರು ಅದನ್ನು ಸುತ್ತಿ ಹರಿಯುವಾಗ ಬಿಸಿ ಹೆಚ್ಚಾದರೆ ಮೇಣ ಹಿಗ್ಗಿ, ಬಿಸಿನೀರಿನ ದಾರಿಯನ್ನು ಕಿರಿದು ಮಾಡಿ ತಣ್ಣೀರಿನ ದಾರಿಯನ್ನು ಅಗಲಿಸುತ್ತದೆ. ಬಿಸಿ ಕಡಿಮೆಯಾದರೆ ಕುಗ್ಗಿ ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ. ಯಾರೋ ಅಡುಗೆಮನೆಯಲ್ಲಿ ನಲ್ಲಿ ತೆರೆದು ಬಚ್ಚಲಿನ ತಣ್ಣೀರು ಇದ್ದಕ್ಕಿದ್ದಂತೆ ಕಡಿಮೆಯಾದರೂ ಹೊರಬರುವ ನೀರು ಹೆಚ್ಚು ಬದಲಾಗುವುದಿಲ್ಲ. ತಣ್ಣೀರು ಪೂರ್ತಿ ನಿಂತೇ ಹೋದರೆ, ಒಳ್ಳೆಯ ವಾಲ್ವ್ ಕೆಲವೇ ಕ್ಷಣಗಳಲ್ಲಿ ಬಿಸಿನೀರನ್ನೂ ನಿಲ್ಲಿಸಿಬಿಡುತ್ತದೆ. ಸಾಮಾನ್ಯ ಮಿಕ್ಸರ್ ನಲ್ಲಿಗೆ ಈ ಗುಣವಿಲ್ಲ. ಅಂಗಡಿಯಲ್ಲಿ ಎರಡನ್ನೂ ‘ಮಿಕ್ಸರ್’ ಎಂದೇ ಕರೆಯುತ್ತಾರಾದ್ದರಿಂದ ಕೇಳಿ ಖಚಿತಪಡಿಸಿಕೊಳ್ಳಿ.

ಈಗ ಒತ್ತಡದ ಮಾತು. ಟ್ಯಾಂಕ್ ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ನಿಮ್ಮ ನೆಲಮಹಡಿಯ ಬಚ್ಚಲಿಗೆ 6 ಮೀಟರಿನಷ್ಟು ಎತ್ತರ ಸಿಕ್ಕಿದರೆ 0.6 ಬಾರ್, ಮೇಲಿನ ಬಚ್ಚಲಿಗೆ ಅದರ ಅರ್ಧದಷ್ಟೇ. ಕೊಳ್ಳುವ ಮುನ್ನ ವಾಲ್ವಿಗೆ ಬೇಕಾದ ಕನಿಷ್ಠ ಒತ್ತಡ ಎಷ್ಟೆಂದು ಪೆಟ್ಟಿಗೆಯ ಮೇಲೆ ಓದಿ, ಕಡಿಮೆ ಒತ್ತಡಕ್ಕೆಂದೇ ಮಾಡಿದ್ದನ್ನು ಆರಿಸಿ. ಬಿಸಿನೀರು, ತಣ್ಣೀರು ಎರಡೂ ಒಂದೇ ಓವರ್‌ಹೆಡ್ ಟ್ಯಾಂಕಿನಿಂದ ಬರುತ್ತಿದ್ದರೆ ಎರಡರ ಒತ್ತಡವೂ ಹೆಚ್ಚುಕಡಿಮೆ ಸಮನಾಗಿರುತ್ತದೆ, ಅದು ಅನುಕೂಲವೇ.

ಎಲ್ಲಕ್ಕಿಂತ ನಾನು ಹೆದರುವುದು ನಮ್ಮ ಗಡಸು ನೀರಿಗೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕೊಳವೆಬಾವಿ ನೀರು ಎಲ್ಲೆಲ್ಲಿ ಬಿಸಿಯಾಗುತ್ತದೆಯೋ ಅಲ್ಲೆಲ್ಲ ಉಪ್ಪು ಕಟ್ಟುತ್ತದೆ. ವಾಲ್ವಿನೊಳಗೆ ಉಪ್ಪು ಕಟ್ಟಿದರೆ ಒಳಭಾಗ ಸಲೀಸಾಗಿ ಜರುಗುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ, ಆದರೆ ರಕ್ಷಣೆ ಇರುವುದಿಲ್ಲ. ಎರಡೂ ಪೈಪುಗಳಿಗೆ ಜಾಲರಿ ಫಿಲ್ಟರ್, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್‌ರಿಟರ್ನ್ ವಾಲ್ವ್ ಮತ್ತು ನೀರನ್ನು ಬೇಕೆಂದಾಗ ಮುಚ್ಚಲು ಬೇರೆಬೇರೆ ಸ್ಟಾಪ್‌ಕಾಕ್ ಹಾಕಿಸಿ. ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಉಪ್ಪು ತೆಗೆಸಿ.

ಉತ್ತರ 2: ಶುಶ್ರೂಷಕಿ, ಕೋಲಾರ

ಮೇಲಿನವರು ಹೇಳಿದ್ದಕ್ಕೆ ಕೆಲವು ಅಂಕಿಗಳನ್ನು ಸೇರಿಸುತ್ತೇನೆ. ಆರೋಗ್ಯವಂತ ವಯಸ್ಕರ ಚರ್ಮ 60 ಡಿಗ್ರಿ ನೀರಿನಲ್ಲಿ ಸುಮಾರು 5 ಸೆಕೆಂಡುಗಳಲ್ಲಿ ಆಳವಾಗಿ ಸುಡಬಹುದು. 50 ಡಿಗ್ರಿಯಲ್ಲಿ ಅದಕ್ಕೆ ಸುಮಾರು 5 ನಿಮಿಷ ಬೇಕು. ಹತ್ತೇ ಡಿಗ್ರಿ ಕಡಿಮೆಯಾದರೆ ಕಾಲು ಹಿಂತೆಗೆದುಕೊಳ್ಳಲು ಸಿಗುವ ಸಮಯ ಎಷ್ಟು ಹೆಚ್ಚುತ್ತದೆಂಬುದನ್ನು ಗಮನಿಸಿ. ಮಕ್ಕಳ ಮತ್ತು ವೃದ್ಧರ ಚರ್ಮ ತೆಳುವಾದ್ದರಿಂದ ಅವರಿಗೆ ಈ ಅವಧಿ ಇನ್ನೂ ಕಡಿಮೆ. ನಿಮ್ಮ ತಾಯಿಯವರಂತೆ ಬಿಸಿ ತಿಳಿಯದ ಪಾದಗಳಿರುವವರು ಹಿಂತೆಗೆದುಕೊಳ್ಳುವುದೇ ಇಲ್ಲ. ಸ್ನಾನಕ್ಕೆ 41 ಡಿಗ್ರಿ ಮೀರದಂತೆ ವಾಲ್ವನ್ನು ಹೊಂದಿಸಿ.

ಇದರರ್ಥ ಗೀಸರ್ ಅಥವಾ ಟ್ಯಾಂಕನ್ನೇ 41 ಡಿಗ್ರಿಗೆ ಇಳಿಸಬೇಕೆಂದಲ್ಲ. 20ರಿಂದ 45 ಡಿಗ್ರಿಯ ನಡುವೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ, ನ್ಯುಮೋನಿಯಾ ತರಬಲ್ಲ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಟ್ಯಾಂಕಿನಲ್ಲಿ 60 ಡಿಗ್ರಿ ಇರಲಿ, ನಲ್ಲಿಯಲ್ಲಿ ಮಾತ್ರ ಹದವಾಗಿ ಬರಲಿ.

ಇನ್ನೊಂದು ವಿಷಯವನ್ನು ಬೇಡಿಕೊಂಡು ಹೇಳುತ್ತೇನೆ. ಸುಟ್ಟ ಕೂಡಲೇ ಟೂತ್‌ಪೇಸ್ಟ್, ಅರಿಶಿನ, ಶಾಯಿ ಹಚ್ಚಿಕೊಂಡು ಬರುವವರನ್ನು ಇಂದಿಗೂ ನೋಡುತ್ತಿದ್ದೇವೆ. ಅದನ್ನು ತೊಳೆದು ತೆಗೆಯುವಾಗ ಮಕ್ಕಳು ಪಡುವ ಸಂಕಟ ಹೇಳತೀರದು. ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ, ಮಂಜುಗಡ್ಡೆ ಬೇಡ. ಬೊಬ್ಬೆ ಒಡೆಯಬೇಡಿ, ಸ್ವಚ್ಛ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆತನ್ನಿ. ದೊಡ್ಡ ಗಾಯವಾದರೆ 108ಕ್ಕೆ ಕರೆ ಮಾಡಿ.

ಮತ್ತೆ ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮ ಪ್ಲಂಬರ್ ಷವರಿಗೆ ಮಾತ್ರ ವಾಲ್ವ್ ಹಾಕಿದರೆ ಸಾಕು ಎನ್ನುತ್ತಿದ್ದಾರೆ. ಆದರೆ ತಾಯಿ ಬಕೆಟ್ಟಿನಲ್ಲೇ ಸ್ನಾನ ಮಾಡುವವರು.

ಉತ್ತರ 3: ಪ್ಲಂಬಿಂಗ್ ಕೆಲಸದವರು, ಚಿಂತಾಮಣಿ

ಹಾಗಿದ್ದರೆ ಷವರಿಗೆ ಮಾತ್ರ ಹಾಕುವುದರಿಂದ ಅವರಿಗೆ ಯಾವ ಪ್ರಯೋಜನವೂ ಇಲ್ಲ. ಬಚ್ಚಲುಮನೆಗೆ ಬಿಸಿನೀರಿನ ಪೈಪು ಪ್ರವೇಶಿಸುವಲ್ಲಿಯೇ, ನಲ್ಲಿ ಮತ್ತು ಷವರ್ ಎರಡಕ್ಕೂ ಮೊದಲು, ಒಂದೇ ವಾಲ್ವ್ ಹಾಕಿಸಿ. ಆಗ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆದರೂ ಹದವಾದ ನೀರೇ ಬರುತ್ತದೆ. ಪಾತ್ರೆ ತೊಳೆಯಲು ಹೆಚ್ಚು ಬಿಸಿ ಬೇಕಾಗುವುದರಿಂದ ಅಡುಗೆಮನೆಯ ಪೈಪನ್ನು ಬೇರೆಯೇ ಬಿಡಿ, ಆದರೆ ಆ ನಲ್ಲಿ ಮಗುವಿಗೆ ಎಟುಕದಿರಲಿ.

ಹಾಕಿಸಿದ ದಿನ ಪ್ಲಂಬರ್ ಹೊರಡುವ ಮುನ್ನವೇ ಬಿಸಿನೀರು ಹರಿಯುತ್ತಿರುವಾಗ ತಣ್ಣೀರಿನ ಸ್ಟಾಪ್‌ಕಾಕ್ ಮುಚ್ಚಿಸಿ ನೋಡಿ. ಕೆಲವು ಸೆಕೆಂಡುಗಳಲ್ಲಿ ನೀರು ನಿಲ್ಲಬೇಕು ಅಥವಾ ತೊಟ್ಟಿಕ್ಕುವಷ್ಟಕ್ಕೆ ಇಳಿಯಬೇಕು. ಟ್ಯಾಂಕಿನ ನೀರು ಚೆನ್ನಾಗಿ ಕಾದಿರುವ ಮಧ್ಯಾಹ್ನವೇ ಈ ಪರೀಕ್ಷೆ ಮಾಡಿ. ಬೆಳಗಿನ ಹೊತ್ತಿನ ಉಗುರುಬೆಚ್ಚಗಿನ ನೀರಿನಲ್ಲಿ ಮಾಡಿದರೆ ಏನೂ ತಿಳಿಯುವುದಿಲ್ಲ. ಪ್ರತಿ ಮೂರು ತಿಂಗಳಿಗೊಮ್ಮೆ ನೀವೇ ಹೀಗೆ ಪರೀಕ್ಷಿಸಬಹುದು.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ನೆಲಮಹಡಿಯ ಬಚ್ಚಲಿಗೆ ವಾಲ್ವ್ ಹಾಕಿಸಿದೆವು. ಮಧ್ಯಾಹ್ನ ಮೂರು ಗಂಟೆಗೆ ಥರ್ಮಾಮೀಟರ್ ಹಿಡಿದು ನೋಡಿದಾಗ ಅಡುಗೆಮನೆಯ ನಲ್ಲಿಯಲ್ಲಿ 66 ಡಿಗ್ರಿ, ಬಚ್ಚಲಿನಲ್ಲಿ 40 ಡಿಗ್ರಿ ಇತ್ತು. ತಣ್ಣೀರು ಮುಚ್ಚಿದಾಗ ಮೂರನೇ ಸೆಕೆಂಡಿಗೆ ನೀರು ನಿಂತಿತು. ನೀರಿನ ವೇಗ ಮೊದಲಿಗಿಂತ ಸ್ವಲ್ಪ ಕಡಿಮೆಯಾಗಿದ್ದು, ಬಕೆಟ್ ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ. ತಾಯಿ ಅದಕ್ಕೆ ಒಗ್ಗಿಕೊಂಡಿದ್ದಾರೆ. ಮುಂದಿನ ಪರೀಕ್ಷೆಯ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದೇನೆ.