ಈಜಿಪ್ಟಿನ ಕಂಚಿನ ‘ಹೇರ್ ಕರ್ಲರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಹಳೇ ಈಜಿಪ್ಟಿನವರ ಅಲಂಕಾರದ ಸಾಮಾನಿನ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಅಂತ ಬರೀತಿದೀನಿ, ಕನ್ನಡಿ, ಕಾಡಿಗೆ ಕಡ್ಡಿ, ಮಸೆಗಲ್ಲು ಇವೆಲ್ಲ ಸಲೀಸಾಗಿ ಬಂತು, ಮೂರು ಕಡೆ ಮಾತ್ರ ಸಿಕ್ಕಾಕ್ಕೊಂಡಿದೀನಿ.

ಮೊದಲನೇದು ರೇಜರ್. ಕ್ಷೌರದ ಕತ್ತಿ ಅಂದ್ರೆ ನಮಗೆ ಮಡಚೋ ಉದ್ದನೆ ಕತ್ತಿನೇ ಕಣ್ಣಿಗೆ ಬರೋದು, ಆದ್ರೆ ಈಜಿಪ್ಟಿನ ‘ಹೊಸ ಸಾಮ್ರಾಜ್ಯ’ದ ಕಾಲದ್ದು (ಸುಮಾರು 3,000–3,500 ವರ್ಷ ಹಿಂದಿನದು) ಪುಟ್ಟ ಕೊಡಲಿ ಥರ ಇದ್ದು ಹಿಡಿ ಪಕ್ಕಕ್ಕೆ ಬಾಗಿರುತ್ತೆ. 1906ರಲ್ಲಿ ಇಟಲಿಯ ಪುರಾತತ್ವಜ್ಞ ಸ್ಕಿಯಾಪರೆಲ್ಲಿ ಪತ್ತೆ ಹಚ್ಚಿದ, ಅದೇ ಕಾಲದ ಖಾ ಮತ್ತು ಮೆರಿತ್ ದಂಪತಿಯ ಸಮಾಧಿಲೂ ರೇಜರ್‌ಗಳು ಸಿಕ್ಕಿದ್ವು, ಈಗ ಇಟಲಿಯ ಟ್ಯೂರಿನ್ ಮ್ಯೂಸಿಯಮ್ಮಲ್ಲಿವೆ. ಆ ದಂಪತಿಗಿಂತ ಸಾವಿರ ವರ್ಷಕ್ಕೂ ಹಿಂದಿನ ಈಜಿಪ್ಟಿನ ರಾಣಿ ಹೆತೆಫೆರೆಸ್ ಸಾಮಾನಲ್ಲಂತೂ ಚಿನ್ನದ ರೇಜರ್‌ಗಳೂ ಇದ್ವು. ಆಕಾರ ನಮ್ಮ ಕತ್ತಿ ಥರ ಇಲ್ಲದ್ದರಿಂದ ‘ಕ್ಷೌರದ ಅಲಗು’ ಅಂತ ಹಾಕಿದೀನಿ, ಸರಿನಾ?

ಎರಡನೇದು ಟ್ವೀಜರ್. ನಮ್ಮನೇಲಿ ಇಕ್ಕಳ ಅಂದ್ರೆ ಒಲೆ ಮೇಲಿಂದ ಬಿಸಿ ಪಾತ್ರೆ ಇಳಿಸೋದು, ಮುಳ್ಳು ಕೀಳೋದಕ್ಕೆ ಚಿಮಟ. ಈಜಿಪ್ಟಿನ ಟ್ವೀಜರ್ ಒಂದೇ ಲೋಹದ ಪಟ್ಟಿನ ಬಗ್ಗಿಸಿ ಮಾಡಿದ್ದು, ಕೀಲು ಇಲ್ಲ, ಅದಕ್ಕೆ ಚಿಮಟನೇ ಒಪ್ಪುತ್ತೆ ಅನ್ಸುತ್ತೆ.

ನಿಜವಾದ ತಲೆನೋವು ಮೂರನೇದು. ಕಂಚಿನ ಎರಡು ತುಂಡು, ನಡುವೆ ಒಂದು ಕೀಲು, ಒಂದು ಕಡೆ ಚೂಪು ಇನ್ನೊಂದು ಕಡೆ ಅಲಗು, ಕೆಲವಕ್ಕೆ ಪ್ರಾಣಿ ಆಕಾರ ಬೇರೆ. ಮ್ಯೂಸಿಯಮ್ಮುಗಳಲ್ಲಿ ‘ಹೇರ್ ಕರ್ಲರ್’ ಅಂತ ಚೀಟಿ ಹಚ್ಚಿರ್ತಾರೆ, ಆದ್ರೆ ಕೂದಲು ಸುರುಳಿ ಮಾಡೋದಕ್ಕೋ, ವಿಗ್ ಸರಿಮಾಡೋದಕ್ಕೋ, ಬೋಳಿಸೋದಕ್ಕೋ ಅಂತ ವಿದ್ವಾಂಸರಲ್ಲೇ ಒಮ್ಮತ ಇಲ್ಲ. ನಾನು ‘ಗುಂಗುರು ಇಕ್ಕಳ’ ಅಂತ ಬರೆದ್ರೆ ಆ ಚರ್ಚೆನ ಒಂದೇ ಪದದಲ್ಲಿ ತೀರ್ಮಾನ ಮಾಡಿಬಿಟ್ಟ ಹಾಗೆ, ಓದೋ ಮಗು ಅದನ್ನೇ ನಂಬುತ್ತೆ, ಅದು ನಂಗೆ ಇಷ್ಟ ಇಲ್ಲ. ನೋಡೋದಕ್ಕೆ ಅದು ನಮ್ಮ ಅಡಕತ್ತರಿ ನೆನಪು ತರುತ್ತೆ, ನಮ್ಮ ಹಳೇ ಅಡಕತ್ತರಿಗಳಲ್ಲೂ ಕುದುರೆ, ಗಿಳಿ ಇರ್ತಿದ್ವಲ್ಲ. ಅದಕ್ಕೆ ಸದ್ಯ ‘ಕೀಲಿನ ಕೂದಲು ಸಾಧನ’ ಅಂತ ಬರೆದು ಪಕ್ಕದಲ್ಲಿ ‘ಅಡಕತ್ತರಿ ಥರ ಎರಡು ತೋಳಿನದ್ದು’ ಅಂತ ಸೇರಿಸಿದೀನಿ, ಆದ್ರೆ ‘ಸಾಧನ’ ತುಂಬಾ ಪಠ್ಯಪುಸ್ತಕದ ಮಾತಾಯ್ತು.

ಅಕ್ಕಸಾಲಿಗರ ಮನೆಯವರು ಯಾರಾದ್ರೂ ಇದ್ರೆ, ಕೀಲು ಇರೋ ಸಣ್ಣ ಹಿಡಿಕೆ ಉಪಕರಣಕ್ಕೂ ಕೀಲಿಲ್ಲದ ಚಿಮಟಕ್ಕೂ ನಿಮ್ಮಲ್ಲಿ ಬೇರೆ ಬೇರೆ ಹೆಸರಿದ್ಯಾ? ಕರಾವಳಿ, ಉತ್ತರ ಕರ್ನಾಟಕದ ಕಡೆ ಏನಂತಾರೆ ಅನ್ನೋದೂ ಬೇಕು.