ಅಪ್‌ಡೇಟ್: ಅಪ್ಪನ ಕಾಯಿಲೆ ಮತ್ತು ಬಾಯಿಗೆ ಬಾರದ ಪ್ರಾರ್ಥನೆ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಿದ್ದ ಅಪ್ಪನಿಗೆ ಪಾರ್ಶ್ವವಾಯು ಹೊಡೆದು, ಸಾಲವೂ ಬೆಳೆದಾಗ, ‘ಪ್ರಾರ್ಥನೆಗೆ ಕುಳಿತರೆ ದೇವರ ಮೇಲೆ ಸಿಟ್ಟೇ ಬರುತ್ತದೆ, ಇದು ಅವಿಶ್ವಾಸವೇ?’ ಎಂದು ನಾಲ್ಕು ತಿಂಗಳ ಹಿಂದೆ ಕೇಳಿದ್ದೆ. ಬೈಬಲಿನ 13ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿರಿ ಎಂದು ಹಿರಿಯರೊಬ್ಬರು ತಿಳಿಸಿದ್ದರು.

ಆರೇ ವಚನಗಳ ಆ ಕೀರ್ತನೆಯ ಮೊದಲೆರಡು ವಚನಗಳಲ್ಲಿ ಅರಸ ದಾವೀದನು ‘ಎಷ್ಟರವರೆಗೆ’ ಎಂದು ನಾಲ್ಕು ಬಾರಿ ದೇವರನ್ನೇ ಕೇಳುತ್ತಾನೆ. ಕೊನೆಯಲ್ಲಿ, ಕಷ್ಟ ತೀರಿತೆಂದು ಎಲ್ಲಿಯೂ ಹೇಳದೆ, ಆತನ ಕೃಪೆಯಲ್ಲಿ ಭರವಸೆಯಿಡುತ್ತಾನೆ. ದೂರುವುದೂ ಪ್ರಾರ್ಥನೆಯೇ ಎಂಬುದು, ಚಿಕ್ಕಂದಿನಿಂದ ಚರ್ಚಿಗೆ ಹೋಗುತ್ತಿದ್ದರೂ, ನನಗೆ ಹೊಳೆದಿರಲಿಲ್ಲ.

ಈಗ ಪ್ರತಿ ರಾತ್ರಿ ಊಟವಾದ ಮೇಲೆ ನಾನು ಓದುತ್ತೇನೆ. ಮಾತು ಸರಿಯಾಗಿ ಹೊರಡದ ಅಪ್ಪ, ‘ಎಷ್ಟರವರೆಗೆ’ ಬಂದಾಗಲೆಲ್ಲ ಎಡಗೈಯಿಂದ ಮಂಚದ ಪಟ್ಟಿಯನ್ನು ತಟ್ಟುತ್ತಾರೆ. ಸಾಲ ತೀರಿಲ್ಲ, ಬಲಗೈ ಇನ್ನೂ ಏಳುವುದಿಲ್ಲ. ಆದರೆ ವ್ಯಾಯಾಮ ಬೇಡವೆಂದು ಮುಖ ತಿರುಗಿಸುತ್ತಿದ್ದವರು, ಫಿಸಿಯೋಥೆರಪಿಯವರು ಬರುವ ಹೊತ್ತಿಗೆ ತಾವೇ ಕೂರಲು ಹವಣಿಸುತ್ತಾರೆ. ಸಾಲ ಕೊಟ್ಟವರ ಕರೆ ಬಂದರೆ ನಾನೂ ಫೋನ್ ಎತ್ತುತ್ತಿದ್ದೇನೆ. ಕಳೆದ ವಾರ ಅಪ್ಪ ಹೊಲಿಗೆ ಯಂತ್ರದ ಮೇಲಿನ ಬಟ್ಟೆ ತೆಗೆಸಿ, ಎಣ್ಣೆ ಬಿಡು ಎಂದು ಸನ್ನೆ ಮಾಡಿದರು.