ಸಮಯ ಕೊಟ್ಟಿಲ್ಲ, ವೇಗ ಮತ್ತ ದೂರ ಅಷ್ಟೇ ಅದ: ವೇಗೋತ್ಕರ್ಷ ಹೆಂಗ ತೆಗೀಬೇಕು?

ಪ್ರಶ್ನೆ (ವಿಜಯಪುರ)
9ನೇ ತರಗತಿ ‘ಚಲನೆ’ ಪಾಠಕ್ಕ ಕೊಟ್ಟ ಲೆಕ್ಕ: ಕೊಲ್ಹಾರ ಸೇತುವೆ ದಾಟಿದ ಬಸ್ಸು ಗಂಟೆಗೆ 72 ಕಿ.ಮೀ. ವೇಗದಾಗ ಅದ. ಒಂದೇ ಸಮ ಬ್ರೇಕ್ ಹಿಡಿದು 150 ಮೀಟರಿನಾಗ ಗಂಟೆಗೆ 36 ಕಿ.ಮೀ.ಗೆ ಇಳೀತದ. ವೇಗೋತ್ಕರ್ಷ (ಸೆಕೆಂಡಿಗೆ ವೇಗ ಎಷ್ಟು ಬದಲಾಗ್ತದ ಅನ್ನೋದು) −1 ಮೀ/ಸೆ² ಬರಬೇಕು. ಒಬ್ಬ ಹುಡುಗಂದು −12.96 ಬಂದದ, ಇನ್ನೊಬ್ಬಂದು 0.33. ಇಬ್ಬರೂ ಹಾಕಿದ್ದು ವಿ² − ಯು² = 2ಎಎಸ್ ಸೂತ್ರನ (ಯು ಮೊದಲಿನ ವೇಗ, ವಿ ಕೊನೆ ವೇಗ, ಎ ವೇಗೋತ್ಕರ್ಷ, ಎಸ್ ದೂರ). ಎಲ್ಲಿ ಎಡವ್ಯಾರ?

ಉತ್ತರ 1 (ಬಾಗಲಕೋಟೆ)
12.96 ಅಂದ್ರ 3.6ರ ವರ್ಗ (1 ಮೀ/ಸೆ ಅಂದ್ರ ಗಂಟೆಗೆ 3.6 ಕಿ.ಮೀ.). ಅಲ್ಲೇ ಕಳ್ಳ ಸಿಕ್ಕ ನೋಡ್ರಿ! ಕಿ.ಮೀ./ಗಂಟೆಯನ್ನ ಮೀ/ಸೆಗೆ ಬದಲಿಸದ ಹಂಗೇ ಹಾಕ್ಯಾನ: (1296 − 5184) ÷ 300. ಸೂತ್ರದಾಗ ವೇಗದ ವರ್ಗ ಇರೋದಕ್ಕ 3.6ರ ತಪ್ಪೂ ವರ್ಗ ಆಗಿ ಬರ್ತದ. ಮೊದಲ 3.6ರಿಂದ ಭಾಗಿಸಬೇಕು: ಯು = 20, ವಿ = 10. ಆಮೇಲೆ (100 − 400) ÷ (2 × 150) = −300 ÷ 300 = −1 ಮೀ/ಸೆ².

ಎರಡನೆಯವ ವೇಗ ಸರಿ ಬದಲಿಸ್ಯಾನ, ಆದ್ರ ಮೊದಲ ಕಳೆದು ಆಮೇಲೆ ವರ್ಗ ಮಾಡ್ಯಾನ: (10 − 20)² = 100, 100 ÷ 300 = 0.33. ಬಸ್ಸು ನಿಧಾನ ಆಗಾಕತ್ತಾಗ ಉತ್ತರ ಧನ ಬಂತಂದ್ರ ಅಲ್ಲೇ ಸಂಶಯ ಬರಬೇಕಿತ್ತು. ವರ್ಗ ಮಾಡಿದ್ರ ಋಣ ಚಿಹ್ನೆ ಅಳಿಸಿ ಹೋಗ್ತದ.

ಉತ್ತರ 2 (ಬೆಳಗಾವಿ)
ಸೂತ್ರ ಮರೆತ್ರೂ ನಡೀತದ. ಸರಾಸರಿ ವೇಗ (20 + 10) ÷ 2 = 15. ಸಮಯ 150 ÷ 15 = 10 ಸೆಕೆಂಡ್. 10 ಸೆಕೆಂಡಿನಾಗ ವೇಗ 10 ಇಳೀತು, ಅಂದ್ರ ಸೆಕೆಂಡಿಗೆ 1. ತಾಳೆ ನೋಡಾಕೂ ಇದೇ ಸಾಕು. ಆದ್ರ ಹಿಂಗ ಎರಡು ವೇಗ ಕೂಡಿಸಿ ಅರ್ಧ ಮಾಡೋದು ವೇಗೋತ್ಕರ್ಷ ಏಕರೂಪ ಇದ್ದಾಗ ಅಷ್ಟೇ ಸರಿ. ಚಾಲಕ ಬ್ರೇಕ್ ಒತ್ತಿ ಬಿಟ್ಟು ಮಾಡಿದ್ರ ಈ ದಾರಿನೂ ಇಲ್ಲ, ಆ ಸೂತ್ರನೂ ಇಲ್ಲ.

ಉತ್ತರ 3 (ವಿಜಯಪುರ)
ಮೇಲಿನದಕ್ಕ ಒಂದು ಮಾತು ಸೇರಸ್ತೀನಿ. 15 ಮೀ/ಸೆ ಇರೋದು ನಡು ಸಮಯದಾಗ, 5ನೇ ಸೆಕೆಂಡಿಗೆ. ನಡು ದೂರದಾಗ ಅಲ್ಲ. 75 ಮೀಟರಿನ ಹತ್ರ ವಿ² = 400 − 150 = 250, ವೇಗ ಸುಮಾರು 15.8. ಬ್ರೇಕ್ ಹಿಡಿದಾಗ ಬಸ್ಸು ಮೊದಲಿನ 5 ಸೆಕೆಂಡಿನಾಗನ 87.5 ಮೀಟರ್ ಓಡಿರ್ತದ.

ಹುಡುಗ್ರಿಗೆ ಮುಂದಿನ ಪ್ರಶ್ನೆ ಹಿಂಗ ಕೊಡ್ರಿ: ಅದೇ ಬ್ರೇಕ್ ಹಂಗೇ ಹಿಡಿದ್ರ ಬಸ್ಸು ಪೂರ್ತಿ ನಿಲ್ಲಾಕ ಇನ್ನೆಷ್ಟು ದೂರ ಬೇಕು? ಅರ್ಧ ವೇಗ ಇಳಿಯಾಕ 150 ಹೋತು, ಉಳಿದರ್ಧಕ್ಕೂ 150 ಅಂತ ಭಾಳ ಮಂದಿ ಬರೀತಾರ. 0 − 100 = 2 × (−1) × ಎಸ್, ಬರೇ 50 ಮೀಟರ್.